ನೀಲಿ ಬಿಲ್ಲೆಯ ಹಸುಗಳು

ಮಾರ್ಚ್ ೨

ಪುಟ್ಟೀ,

ಗಾಬರಿ ಬೀಳಬೇಡ, ಯಾರಿಗೂ ಏನೂ ಆಗಿಲ್ಲ. ಅಕ್ಷರ ಸೊಟ್ಟಗಿರುವುದು ಖುಷಿಯಿಂದ. ಐದನೆಯದು ಹುಟ್ಟಿತು! ಬೆಳಿಗ್ಗೆ ಹತ್ತೂವರೆಗೆ. ಹೆಣ್ಣು ಕರು. ಉಸಿರಾಡಿತು, ಸೀನಿತು, ನನ್ನ ಬೆರಳನ್ನು ಬಾಯಿಗೆ ಹಾಕಿಕೊಂಡು ಚೀಪಿತು. ನಾನು ಅತ್ತೇಬಿಟ್ಟೆ. ಕನ್ನಡಕದ ಡಾಕ್ಟರ್, "ಅಮ್ಮಾ, ನೀವು ಅಳೋದು ನೋಡಿ ಕರು ಹೆದರ್ಕೊಳುತ್ತೆ" ಅಂದರು.

ನಿನಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ, ಹೇಳದಿದ್ದರೆ ತಡೆಯುವುದಿಲ್ಲ. ನಮ್ಮ ಫಾರಂನ ಮುದಿ ಹಸು ಒಂದಿತ್ತಲ್ಲ, ಹಾಲು ಕೊಡುವುದರಲ್ಲಿ ಅವಳ ಮುಂದೆ ಯಾರೂ ಇಲ್ಲ ಅಂತ? ಅವಳ ಕಿವಿಯ ಚೂರು ಚರ್ಮ ತೆಗೆದು, ಲ್ಯಾಬಿನಲ್ಲಿ ಏನೇನೋ ಮಾಡಿ, ಅವಳದೇ ಪಡಿಯಚ್ಚನ್ನು ಬೇರೆ ಹಸುವಿನ ಹೊಟ್ಟೆಯಲ್ಲಿಟ್ಟು ಬೆಳೆಸಿದ್ದು ಈ ಕರು. ಐದೂ ಒಂದೇ ಅಚ್ಚು. ಹಣೆಯ ಮೇಲಿನ ಬಿಳಿ ಮಾತ್ರ ಒಂದೊಂದಕ್ಕೆ ಒಂದೊಂದು ಕಡೆ ಜಾರಿದೆ. ಅದನ್ನು ನೋಡಿಯೇ ನಾನು ಗುರುತು ಹಿಡಿಯುವುದು, ಲ್ಯಾಬಿನವರಿಗೆ ನಂಬರ್ ಬೇಕು.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನಿನಗೆ ಅವಸರ, ನನಗೆ ಗಾಬರಿ, ತಿಂಡಿ ಆಯ್ತಾ ಅಂತ ಕೇಳಿ ಇಟ್ಟುಬಿಡುತ್ತೇವೆ. ಇದು ಬರೆದೇ ಕೇಳಬೇಕಾದ ವಿಷಯ.

ನಿಮ್ಮ ಆಹಾರ ಸುರಕ್ಷತಾ ಕಚೇರಿಯವರು ಕ್ಲೋನ್ ಪ್ರಾಣಿಗಳ ಹಾಲು, ಮಾಂಸದ ಬಗ್ಗೆ ಕರಡು ನಿಯಮ ಮಾಡಿದ್ದಾರಲ್ಲ, ಅದನ್ನು ನಮ್ಮ ಕ್ಯಾಂಟೀನ್ ಗೋಡೆಗೆ ಅಂಟಿಸಿದ್ದಾರೆ. ಸಾರ್ವಜನಿಕರು ಏಪ್ರಿಲ್ ಮೂವತ್ತರೊಳಗೆ ಅಭಿಪ್ರಾಯ ಬರೆಯಬೇಕಂತೆ. ನಮಗೆ ಬರೆಯುವ ಕಷ್ಟವೇ ಇಲ್ಲ, ಮ್ಯಾನೇಜರ್ ಅಚ್ಚು ಹಾಕಿಸಿದ ಕಾಗದ ಹಂಚಿದ್ದಾರೆ, "ಈ ನಿಯಮ ಹೀಗೇ ಬರಲಿ" ಅಂತ. ಕೆಳಗೆ ಸಹಿ ಹಾಕಿದರೆ ಆಯಿತು. ಎಲ್ಲರೂ ಹಾಕಿದರು. ನಾನು ಏಳನೇ ಕ್ಲಾಸಿಗೆ ಬಿಟ್ಟವಳು, ಓದದೆ ಸಹಿ ಹಾಕಲು ಭಯ. ಊಟದ ಹೊತ್ತಿನಲ್ಲಿ ಗೋಡೆಯ ಮುಂದೆ ನಿಂತು ನಾಲ್ಕು ದಿನ ಓದಿದೆ. ಮೂರನೇ ಪುಟದಲ್ಲಿ ಹೀಗಿದೆ, ಇದ್ದ ಹಾಗೇ ಇಳಿಸಿದ್ದೇನೆ: "ಕ್ಲೋನ್ ಪ್ರಾಣಿಯನ್ನು ಹೊತ್ತ ಪ್ರಾಣಿಯನ್ನು ಸಾಮಾನ್ಯ ಪ್ರಾಣಿ ಎಂದೇ ಪರಿಗಣಿಸತಕ್ಕದ್ದು."

ಪುಟ್ಟೀ, ಹೊತ್ತವಳು ಸಾಮಾನ್ಯ ಹೇಗಾಗುತ್ತಾಳೆ? ಕ್ಲೋನ್ ಕರುವಿಗೆ ಕಿವಿಯಲ್ಲಿ ಹಸಿರು ಬಿಲ್ಲೆ, ಹೊತ್ತ ಹಸುವಿಗೆ ನೀಲಿ ಬಿಲ್ಲೆ ಹಾಕುತ್ತೇವೆ. ಕರು ಬಲು ದೊಡ್ಡದಾಗುತ್ತದೆ, ಹೊಟ್ಟೆ ಕೊಯ್ದೇ ತೆಗೆಯಬೇಕು. ಆಮೇಲೆ ಕೀವಾಗದ ಹಾಗೆ ದಿನವೂ ಇಂಜೆಕ್ಷನ್. ಬಾಲ ಹಿಡಿದು ನಿಲ್ಲುವವಳು ನಾನು. ಕರು ಹೊರಗೆ ಬಂದ ವಾರದಲ್ಲಿ ನೀಲಿ ಬಿಲ್ಲೆ ಕತ್ತರಿಸಿ ಎಲ್ಲ ಹಸುಗಳಿಗಿರುವ ಹಳದಿ ಬಿಲ್ಲೆ ಹಾಕುತ್ತಾರೆ. ಹನ್ನೆರಡು ದಿನಕ್ಕೋ ಹದಿನೈದು ದಿನಕ್ಕೋ ಮಾಂಸದ ಕಂಪನಿಯ ಲಾರಿ ಬಂದು ಹತ್ತಿಸಿಕೊಂಡು ಹೋಗುತ್ತದೆ. ಆ ಔಷಧಿ ಅಷ್ಟರಲ್ಲಿ ಮೈಯಿಂದ ಹೋಗಿರುತ್ತದಾ?

ಕ್ಲೋನ್ ಕರುಗಳ ಬಗ್ಗೆ ನನ್ನ ತಕರಾರಿಲ್ಲ. ಮೊದಲನೆಯದು ಈಗ ಹಾಲು ಕೊಡುತ್ತಾಳೆ, ಅವಳ ಹಾಲನ್ನೇ ಕುಡಿಯುತ್ತೇನೆ, ಗುಂಡುಕಲ್ಲಿನ ಹಾಗಿದ್ದೇನೆ. ಇದು ನನ್ನ ದಡ್ಡತನವಾದರೆ ಬೈದು ಬರಿ. ನೀನು ಅದೇ ಆಫೀಸಿನಲ್ಲಿ ಕೂತವಳು, ನಿನಗಿಂತ ಬೇರೆ ಯಾರನ್ನು ಕೇಳಲಿ?

ಚಿಕ್ಕಮ್ಮ


ಮಾರ್ಚ್ ೧೧

ಪ್ರೀತಿಯ ಚಿಕ್ಕಮ್ಮ,

ಐದನೆಯವಳಿಗೆ ನನ್ನ ಕಡೆಯಿಂದ ಒಂದು ಮುತ್ತು ಕೊಡು. ನಿನ್ನ ಕಾಗದ ಹಳೆಯ ವಿಳಾಸಕ್ಕೆ ಹೋಗಿ ಸುತ್ತಿ ಬಂದಿದೆ. ಇನ್ನು ಮುಂದೆ ಈ ಲಕೋಟೆಯ ಬೆನ್ನ ಮೇಲಿರುವ ವಿಳಾಸಕ್ಕೆ ಬರಿ. ಈಗ ಬೇರೆ ಕಟ್ಟಡ, ಆರನೇ ಮಹಡಿ, ನನ್ನ ಪಾಲಿಗೆ ಒಂದು ಕಿಟಕಿಯೂ ಇದೆ. ಕೆಲಸ ಬಹಳ, ಊಟ ಮೇಜಿನ ಮೇಲೇ.

ನೀನು ಕೇಳಿದ್ದು ದಡ್ಡತನವಲ್ಲ, ಆದರೆ ಚಿಂತೆ ಮಾಡುವಂಥದ್ದೂ ಅಲ್ಲ. ಹೊತ್ತ ಹಸುವಿಗೆ ಕ್ಲೋನಿನ ಗುಣ ಏನೂ ಅಂಟುವುದಿಲ್ಲ. ಹೆತ್ತ ಮೇಲೆ ಅದು ಉಳಿದ ಹಸುಗಳ ಹಾಗೇ. ಔಷಧಿಗೆ ಬೇರೆ ಕಾಯಿದೆ ಈಗಾಗಲೇ ಇದೆ, ಕೊಟ್ಟ ಮೇಲೆ ಇಷ್ಟು ದಿನ ಕಾಯಬೇಕು ಅಂತ. ಯಾವ ಫಾರಂನವರೂ ಅದನ್ನು ಮೀರುವುದಿಲ್ಲ. ಆ ಸಾಲು ಬರೆದವರು ಯೋಚಿಸಿಯೇ ಬರೆದಿದ್ದಾರೆ.

ಸಹಿ ಹಾಕಿಬಿಡು. ಮ್ಯಾನೇಜರ್ ಜೊತೆ ಯಾಕೆ ಮುಖ ಕೆಡಿಸಿಕೊಳ್ಳುತ್ತೀಯ?

ಹನ್ನೆರಡು ದಿನ ಅಂತ ಬರೆದಿದ್ದೀಯಲ್ಲ, ಅದು ಅಂದಾಜೋ, ಎಣಿಸಿದ್ದೋ?

ನಿನ್ನ ಪುಟ್ಟಿ


ಮಾರ್ಚ್ ೧೭

ಪುಟ್ಟೀ, ನನ್ನ ಚಿನ್ನಾ,

ಎಣಿಸಿದ್ದು! ಎಣಿಸಿಯೇ ಇದ್ದೇನೆ! ಕೇಳಿದೆಯಲ್ಲ, ಅಷ್ಟು ಸಾಕು ನನಗೆ. ಕಾಗದ ಓದಿ ಬಕೆಟ್ ರಾಣಿಯನ್ನು ತಬ್ಬಿಕೊಂಡೆ. ಅವಳು ನನ್ನ ಜೊತೆ ಕೊಟ್ಟಿಗೆ ತೊಳೆಯುವವಳು, ನೀನು ನೋಡಿಲ್ಲ. "ಏನೇ ನಿಂಗೆ, ಲಾಟರಿ ಹೊಡೀತಾ?" ಅಂದಳು. "ನಮ್ಮ ಹುಡುಗಿ ಸರ್ಕಾರದಲ್ಲಿ ವಿಚಾರಣೆ ಶುರು ಮಾಡಿದಾಳೆ ಕಣೇ" ಅಂದೆ.

ನನಗೆ ಬರೆದಿಡುವ ಚಾಳಿ ನಿನಗೆ ಗೊತ್ತು. ಗ್ಯಾಸ್ ಆಫ್ ಮಾಡಿದೆನಾ, ಬೀಗ ಹಾಕಿದೆನಾ, ಎಲ್ಲ ಬರೆಯದಿದ್ದರೆ ದಾರಿಯಿಂದ ವಾಪಸ್ ಓಡುವವಳು ನಾನು. ಹಾಗೇ ಫಾರಂನಲ್ಲೂ ಎರಡು ವರ್ಷದಿಂದ ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಹಸು, ಕರು ತೆಗೆದದ್ದು ಯಾವತ್ತು, ಕೊನೆಯ ಇಂಜೆಕ್ಷನ್ ಯಾವತ್ತು, ಲಾರಿ ಯಾವತ್ತು. ನೀಲಿ ಬಿಲ್ಲೆಯವರು ಒಟ್ಟು ಮೂವತ್ತೊಂದು, ಬದುಕಿ ಉಳಿದ ಕರು ಐದೇ ಆದರೂ. ಔಷಧಿ ಬಾಟಲಿಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿದೆ, ಇಪ್ಪತ್ತೆಂಟು ದಿನ ಮಾಂಸಕ್ಕೆ ಕಳಿಸಬಾರದು ಅಂತ. ಮೂವತ್ತೊಂದರಲ್ಲಿ ಇಪ್ಪತ್ತೆರಡು ಅದಕ್ಕೆ ಮೊದಲೇ ಹೋಗಿವೆ. ಒಬ್ಬಳಂತೂ ಒಂಬತ್ತನೇ ದಿನಕ್ಕೆ. ಕುಂಟುತ್ತಿದ್ದಳು, ಪಾಪ, ನಾನೇ ಹತ್ತಿಸಿದೆ.

ಇದು ಯಾರ ಕಣ್ಣಿಗೂ ಯಾಕೆ ಬೀಳಲಿಲ್ಲ ಅಂದರೆ, ಕೂತು ಕೇಳು. ನಾನು ಕಂಡುಹಿಡಿದೆ! ಇಂಜೆಕ್ಷನ್ ಬರೆಯುವುದು ನೀಲಿ ನಂಬರಿನ ಮುಂದೆ. ಬಿಲ್ಲೆ ಬದಲಾದಾಗ ಹಸುವಿಗೆ ಹೊಸ ಹಳದಿ ನಂಬರ್ ಬರುತ್ತದೆ, ಹೊಸ ಪುಟ ತೆರೆಯುತ್ತಾರೆ. ಲಾರಿಯವನು ನೋಡುವುದು ಹಳದಿ ಪುಟ. ಅದು ಖಾಲಿ. ಹಳೆಯ ನಂಬರಿಗೂ ಹೊಸ ನಂಬರಿಗೂ ಗಂಟು ಹಾಕುವ ಪುಸ್ತಕವೇ ಫಾರಂನಲ್ಲಿಲ್ಲ, ನನ್ನ ನೋಟ್‌ಬುಕ್ ಬಿಟ್ಟರೆ! ಮ್ಯಾನೇಜರಿಗೆ ಹೇಳಿದೆ. ಅವರು ಕೆಟ್ಟವರಲ್ಲ. ಹಳದಿ ಪುಸ್ತಕ ತೆಗೆದು ತೋರಿಸಿ, "ಎಲ್ಲಿದೆ ತೋರ್ಸಮ್ಮ ನಿನ್ನ ಇಂಜೆಕ್ಷನ್ನು?" ಅಂದರು. "ಸಾರ್, ಅದು ನೀಲಿ ಪುಸ್ತಕದಲ್ಲಿ" ಅಂದೆ. "ನೀಲಿ ಹಸು ಈಗ ಇಲ್ವಲ್ಲಮ್ಮ" ಅಂದರು. ಎದುರಿಗೇ ನಿಂತು ಮೆಲುಕು ಹಾಕುತ್ತಿದ್ದಾಳೆ, ಇಲ್ಲ ಅನ್ನುತ್ತಾರೆ!

ಎಲ್ಲವನ್ನೂ ನಕಲು ಮಾಡಿ ಇದರ ಜೊತೆ ಇಟ್ಟಿದ್ದೇನೆ. ಹನ್ನೊಂದು ಹಾಳೆ. ನಿನ್ನ ಮೇಜಿನಿಂದ ದೊಡ್ಡ ಸಾಹೇಬರ ಮೇಜಿಗೆ ಎಷ್ಟು ಹೆಜ್ಜೆ? ಕೊಟ್ಟುಬಿಡು. ಕೊನೆಯ ದಿನದೊಳಗೆ ಆ ಸಾಲು ಬದಲಾಗಬೇಕು. ಆ ಸಾಲು ಹಾಗೇ ಕಾಯಿದೆ ಆಗಿಬಿಟ್ಟರೆ, ಆಮೇಲೆ ಯಾವ ಇನ್‌ಸ್ಪೆಕ್ಟರ್ ಬಂದರೂ ಹಸಿರು ಬಿಲ್ಲೆಯನ್ನೇ ನೋಡಿಕೊಂಡು ಹೋಗುತ್ತಾನೆ.

ಇನ್ನೊಂದು. ಏಪ್ರಿಲ್ ಇಪ್ಪತ್ನಾಲ್ಕಕ್ಕೆ ನಮ್ಮ ಪಕ್ಕದ ಪೇಟೆಯಲ್ಲೇ ಇದರ ಬಗ್ಗೆ ಸಭೆ ಇದೆಯಂತೆ, ಯಾರು ಬೇಕಾದರೂ ಮಾತಾಡಬಹುದಂತೆ. ಹೆಸರು ಕೊಟ್ಟುಬಿಟ್ಟಿದ್ದೇನೆ!! ಕೊಟ್ಟ ಮೇಲೆ ಎರಡು ಸಲ ಹೆಸರು ತೆಗೆಸಲು ಹೊರಟು ಅರ್ಧ ದಾರಿಯಿಂದ ವಾಪಸ್ ಬಂದೆ. ಏನು ಉಟ್ಟುಕೊಳ್ಳಲಿ?

ಚಿಕ್ಕಮ್ಮ


ಮಾರ್ಚ್ ೨೯

ಪುಟ್ಟೀ,

ಹದಿನೇಳನೇ ತಾರೀಖಿನದು ಸಿಕ್ಕಿತಾ? ಅಂಚೆಯವರು ಕಳೆದರಾ? ನಾನು ವಿಳಾಸದಲ್ಲಿ ಮಹಡಿ ತಪ್ಪು ಬರೆದೆನಾ? ಅಥವಾ ನನ್ನ ಹಾಳೆಗಳಿಂದ ನಿನಗೆ ಏನಾದರೂ ತೊಂದರೆ ಆಯಿತಾ? ಒಂದು ಗೆರೆ ಬರಿ ಸಾಕು.

ಆದರೆ ಸಿಕ್ಕೇ ಇರಬೇಕು ಅಂತ ನನಗೆ ಧೈರ್ಯ. ಯಾಕೆ ಗೊತ್ತಾ? ಮೊನ್ನೆ ಮ್ಯಾನೇಜರಿಗೆ ಫೋನ್ ಬಂತು. ನಾನು ಬಾಗಿಲ ಹತ್ತಿರವೇ ಬೂಟು ತೊಳೆಯುತ್ತಿದ್ದೆ. "ಹೊತ್ತ ಹಸುಗಳಾ? ಇಪ್ಪತ್ತೆಂಟು ದಿನ ಆದ್ಮೇಲೇ ಮೇಡಂ, ಪುಸ್ತಕ ಇದೆ ಮೇಡಂ" ಅಂದರು. ಮೇಡಂ ಅಂದರು! ಕೇಳಿದ್ದು ನೀನೇ ತಾನೆ? ನಮ್ಮ ಪುಟ್ಟಿಗೆ ಮ್ಯಾನೇಜರ್ ಎದ್ದು ನಿಂತು ಮಾತಾಡಿದರು ಪುಟ್ಟೀ, ಕುರ್ಚಿಯಿಂದ ಎದ್ದು! ಅವರು ಹೇಳಿದ್ದನ್ನು ನಂಬಬೇಡ. ಅದು ಹಳದಿ ಪುಸ್ತಕ.

ನಾನಿನ್ನೂ ಸಹಿ ಹಾಕಿಲ್ಲ. ದಿನಾ ಕೇಳುತ್ತಾರೆ, ದಿನಾ ಕನ್ನಡಕ ಮನೆಯಲ್ಲಿ ಬಿಟ್ಟು ಬಂದೆ ಅನ್ನುತ್ತೇನೆ. ಕನ್ನಡಕ ತಲೆಯ ಮೇಲೇ ಇರುತ್ತದೆ.

ಚಿಕ್ಕಮ್ಮ


ಏಪ್ರಿಲ್ ೩

ಚಿಕ್ಕಮ್ಮ,

ಫೋನ್ ಮಾಡಿದ್ದು ನಾನೇ. ಆದರೆ ಸರ್ಕಾರದ ಆಫೀಸಿನಿಂದ ಅಲ್ಲ.

ನಾನು ಆಹಾರ ಸುರಕ್ಷತಾ ಕಚೇರಿ ಬಿಟ್ಟು ಎಂಟು ತಿಂಗಳಾಯಿತು. ಈಗ ಇರುವುದು ಜೈವಿಕ ತಂತ್ರಜ್ಞಾನ ಕಂಪನಿಗಳ ಸಂಘದಲ್ಲಿ. ನಿಮ್ಮ ಫಾರಂ ಕೂಡ ಅದರ ಸದಸ್ಯ. ಸರ್ಕಾರ ನಿಯಮ ಮಾಡುವಾಗ ಕಂಪನಿಗಳಿಗೆ ಏನು ಬೇಕೋ ಅದನ್ನು ಸರಿಯಾದ ಭಾಷೆಯಲ್ಲಿ ಬರೆದು, ಸರಿಯಾದ ಬಾಗಿಲಿಗೆ ತಲುಪಿಸುವುದು ನನ್ನ ಕೆಲಸ. ಆ ಬಾಗಿಲುಗಳು ನನಗೆ ಗೊತ್ತು ಅಂತಲೇ ಕರೆದುಕೊಂಡರು. ನಿನಗೆ ಹೇಳಲು ಧೈರ್ಯ ಬರಲಿಲ್ಲ. ನಾನು ಸರ್ಕಾರಿ ಕಚೇರಿಗೆ ಸೇರಿದಾಗ ನೀನು ಇಡೀ ಬೀದಿಗೆ ಹೇಳಿಕೊಂಡು ಬಂದಿದ್ದೆ.

ಉಳಿದದ್ದನ್ನೂ ಹೇಳಿಬಿಡುತ್ತೇನೆ. ನಿಮಗೆ ಹಂಚಿದ ಅಚ್ಚಿನ ಕಾಗದ ಬರೆದದ್ದು ನಾನು. ನೀನು ಗೋಡೆಯಿಂದ ಇಳಿಸಿ ಕಳಿಸಿದ ಆ ಸಾಲು, "ಸಾಮಾನ್ಯ ಪ್ರಾಣಿ ಎಂದೇ ಪರಿಗಣಿಸತಕ್ಕದ್ದು", ಅದನ್ನೂ ನಾನೇ ಬರೆದೆ. ಸಂಘ ಕೊಟ್ಟ ಸಾಲನ್ನು ಕಚೇರಿಯವರು ಹಾಗೇ ಸೇರಿಸಿಕೊಂಡರು. ಆವತ್ತು ಇಲ್ಲಿ ಎಲ್ಲರೂ ನನ್ನ ಬೆನ್ನು ತಟ್ಟಿದರು. ಹೊತ್ತ ಹಸುವಿಗೆ ಏನೂ ವಿಶೇಷ ಚಿಕಿತ್ಸೆ ಇಲ್ಲ ಅಂತ ಕಂಪನಿಯವರು ಹೇಳಿದ್ದರು, ನಾನು ಕೊಟ್ಟಿಗೆಗೆ ಬಂದು ನೋಡಲಿಲ್ಲ.

ನಿನ್ನ ಹಾಳೆಗಳನ್ನು ಹನ್ನೊಂದು ದಿನದಿಂದ ಡ್ರಾಯರಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ನಿನ್ನ ಹೆಸರು ಹೇಳದೆ ನಿರ್ದೇಶಕರ ಕಿವಿಗೆ ಹಾಕಿದೆ. "ಕೊನೇ ದಿನ ಕಳೀಲಿ ಬಿಡಮ್ಮ, ಆಮೇಲೆ ನಮ್ಮ ನಮ್ಮಲ್ಲೇ ಸರಿ ಮಾಡ್ಕೊಳೋಣ" ಅಂದರು. ಫಾರಂಗೆ ಫೋನ್ ಮಾಡಿದೆ, ಇಪ್ಪತ್ತೆಂಟು ದಿನ ಅಂದರು, ನೆಮ್ಮದಿಯಾಯಿತು. ಆಮೇಲೆ ನಿನ್ನ ಇಪ್ಪತ್ತೊಂಬತ್ತರ ಕಾಗದ ಬಂತು.

ಏನು ಮಾಡಬೇಕೋ ತೋಚುತ್ತಿಲ್ಲ. ಸಭೆಗೆ ಹೋಗಬೇಡ ಅನ್ನುವ ಮುಖ ನನಗಿಲ್ಲ. ಆದರೆ ಹೋದರೆ ನಿನ್ನ ಕೆಲಸ ಹೋಗಬಹುದು.

ಪುಟ್ಟಿ


ಏಪ್ರಿಲ್ ೭

ಓದಿದೆ. ಮತ್ತೆ ಓದಿದೆ, ನನಗೇ ಅರ್ಥವಾಗಿಲ್ಲವೇನೋ ಅಂತ. ಅರ್ಥವಾಗಿದೆ.

ನೀನು ಎಸ್‌ಎಸ್‌ಎಲ್‌ಸಿಗೆ ಓದುವಾಗ ನಿನ್ನ ಎದುರು ಕೂತು ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಪುಸ್ತಕ ತಲೆಕೆಳಗೆ ಹಿಡಿದಿದ್ದೇನೆ ಅಂತ ನಗುತ್ತಿದ್ದೆ ನೀನು. ನನಗೆ ಅರ್ಥವಾಗದ ಭಾಷೆಯನ್ನು ನೀನು ಕಲಿಯಲಿ ಅಂತ ಕೂತಿದ್ದೆ, ಆ ಭಾಷೆಯಲ್ಲಿ ನನಗೇ ಟೋಪಿ ಹಾಕಲಿ ಅಂತಲ್ಲ. ಸಹಿ ಹಾಕು ಅಂದೆಯಲ್ಲೇ. ನೀನೇ ಬರೆದ ಕಾಗದಕ್ಕೆ.

ನನ್ನ ಹಾಳೆಗಳು ಯಾರಿಗೆ ಸೇರಬೇಕೋ ಅವರಿಗೆ ಕೊಡು, ಇಲ್ಲ ನನಗೆ ವಾಪಸ್ ಕಳಿಸು. ಮೂಲ ನೋಟ್‌ಬುಕ್ ನನ್ನ ಹತ್ತಿರ ಇದೆ. ನಿನ್ನ ಮೇಲೆ ಅನುಮಾನ ಇತ್ತು ಅಂತಲ್ಲ, ನಾನು ಪುಕ್ಕಲಿ, ಅದಕ್ಕೆ ಎಲ್ಲದಕ್ಕೂ ಎರಡು ಪ್ರತಿ ಇಡುತ್ತೇನೆ.

ಸಭೆಗೆ ಹೋಗುತ್ತೇನೆ.

ಮೇಜಿನ ಮೇಲೆ ಊಟ ಮಾಡಬೇಡ, ಹೊಟ್ಟೆಗೆ ಹತ್ತುವುದಿಲ್ಲ.


ಏಪ್ರಿಲ್ ೧೪

ಚಿಕ್ಕಮ್ಮ, ಚಿಕ್ಕಮ್ಮ,

ಕೊಟ್ಟೆ! ನಿನ್ನೆ ಮಧ್ಯಾಹ್ನ ಆಹಾರ ಸುರಕ್ಷತಾ ಕಚೇರಿಗೆ ನಾನೇ ಹೋಗಿ, ನನ್ನ ಹಳೆಯ ಕೌಂಟರಿನಲ್ಲೇ, ಸಾಲಿನಲ್ಲಿ ನಿಂತು ಕೊಟ್ಟೆ. ಹನ್ನೊಂದು ಹಾಳೆಯ ಮೇಲೆ ನಂದೊಂದು ಹಾಳೆ: ಈ ಸಾಲನ್ನು ಸಂಘಕ್ಕಾಗಿ ಬರೆದವಳು ನಾನು, ಅರ್ಧ ತಿಳಿದು ಬರೆದೆ, ಇದು ಪೂರ್ತಿ ತಪ್ಪು, ಅಂತ. ಕೌಂಟರಿನವನು ನನ್ನ ಜೊತೆ ಕೆಲಸ ಮಾಡಿದವನೇ. ಓದಿ, "ಮೇಡಂ, ಇದಕ್ಕೆ ನಿಜವಾಗ್ಲೂ ಸೀಲ್ ಹಾಕ್ಲಾ?" ಅಂದ. "ಜೋರಾಗಿ ಹಾಕಪ್ಪ" ಅಂದೆ. ಒಂದೇ ಥರದ ಅಚ್ಚಿನ ಕಾಗದಗಳ ಮೂಟೆಗಳು ಅವನ ಹಿಂದೆ ಸೂರು ಮುಟ್ಟಿದ್ದವು. ಎಲ್ಲ ನನ್ನದೇ ಕೈಚಳಕ. ಕೈಯಲ್ಲಿ ಬರೆದವು ತುಂಬಾ ಕಮ್ಮಿ ಬಂದಿವೆಯಂತೆ.

ಸಂಘಕ್ಕೆ ವಾಪಸ್ ಬಂದು ರಾಜೀನಾಮೆ ಇಟ್ಟೆ. ಸಂಜೆಗೆಲ್ಲ ಗೇಟ್ ಪಾಸ್ ಇಸಿದುಕೊಂಡರು. ಡ್ರಾಯರ್ ಖಾಲಿ ಮಾಡಿದೆನಾ ಅಂತ ಮೂರು ಸಲ ತೆರೆದು ನೋಡಿದೆ, ನಿನ್ನದೇ ರಕ್ತ ನೋಡು. ಆದರೆ ಎಷ್ಟು ಹಗುರವಾಗಿದೆ ಅಂದರೆ ಆರು ಮಹಡಿ ಮೆಟ್ಟಿಲಲ್ಲೇ ಇಳಿದೆ.

ಸಂಘಕ್ಕೆ ಸೇರುವಾಗ ಬರೆದುಕೊಟ್ಟ ಕರಾರಿನ ಪ್ರಕಾರ ಕೆಲಸ ಬಿಟ್ಟ ಮೇಲೂ ಒಂದು ವರ್ಷ ನಾನು ಇಂಥ ಸಭೆಗಳಲ್ಲಿ ಬಾಯಿ ಬಿಡುವ ಹಾಗಿಲ್ಲ. ಆದ್ದರಿಂದ ನೀನೊಬ್ಬಳೇ. ಮೂರು ನಿಮಿಷ ಕೊಡುತ್ತಾರೆ. ಓದಬೇಡ, ಹೇಳು. ಮೊದಲು ಬಿಲ್ಲೆ ಬದಲಾಗುವುದನ್ನು ಹೇಳು, ಆಮೇಲೆ ಒಂಬತ್ತನೇ ದಿನಕ್ಕೆ ಹೋದವಳನ್ನು ಹೇಳು. ಕ್ಲೋನ್ ಕೆಟ್ಟದ್ದು ಅಂತ ನಿನ್ನ ಬಾಯಲ್ಲಿ ಹೇಳಿಸಲು ಇನ್ನೊಂದು ಕಡೆಯವರೂ ಬಂದಿರುತ್ತಾರೆ, ಅವರ ಮಾತಿಗೂ ಸಿಕ್ಕಬೇಡ.

ಕ್ಷಮಿಸು ಅಂತ ಈಗ ಕೇಳುವುದಿಲ್ಲ. ಸಭೆ ಮುಗಿಯಲಿ. ಕಂದು ಬಣ್ಣದ ಸೀರೆ ಉಡು.

ಪುಟ್ಟಿ


ಏಪ್ರಿಲ್ ೨೫

ಪುಟ್ಟೀ!

ಎಲ್ಲಿಂದ ಶುರು ಮಾಡಲಿ! ಕಂದು ಸೀರೆಯನ್ನೇ ಉಟ್ಟೆ. ಬಸ್ಸಿನಲ್ಲಿ ಮೂರು ನಿಮಿಷದ ಮಾತನ್ನು ಹದಿನೆಂಟು ಸಲ ಹೇಳಿಕೊಂಡೆ, ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು. ಸಭೆ ಒಂದು ಶಾಲೆಯ ಹಾಲಿನಲ್ಲಿ. ಮುಂದಿನ ಸಾಲಿನಲ್ಲಿ ಸಂಘದವರು ಆರು ಜನ, ಒಂದೇ ಥರದ ಫೈಲು. ನಮ್ಮ ಮ್ಯಾನೇಜರ್, ಕನ್ನಡಕದ ಡಾಕ್ಟರ್. ಇನ್ನೊಂದು ಕಡೆ ಫಲಕ ಹಿಡಿದವರು. ನೀನು ಹೇಳಿದ ಹಾಗೇ ಆಯಿತು, ಅವರಲ್ಲೊಬ್ಬಾಕೆ ನನ್ನ ಕೈಗೂ ಫಲಕ ಕೊಡಲು ಬಂದಳು. "ನನ್ ಕೈಲಿ ಬ್ಯಾಗಿದೆ ತಾಯಿ" ಅಂದೆ.

ನನ್ನ ನಂಬರ್ ಇಪ್ಪತ್ತಾರು. ಕರೆದಾಗ ಸೀರೆಯ ನೆರಿಗೆ ಸರಿಮಾಡುತ್ತಾ ಕೂತೇ ಇದ್ದೆ. ಬಕೆಟ್ ರಾಣಿ ಹಿಂದಿನಿಂದ ದೂಡಿದಳು. ಹೌದು, ಅವಳೂ ರಜ ಹಾಕಿ ಬಂದಿದ್ದಳು! ಮೈಕಿನ ಮುಂದೆ ನಿಂತರೆ ಹದಿನೆಂಟು ಸಲ ಕಲಿತದ್ದರಲ್ಲಿ ಒಂದಕ್ಷರ ಉಳಿದಿಲ್ಲ. ಅಧ್ಯಕ್ಷೆ ಬಿಳಿ ಕೂದಲಿನ ಹೆಂಗಸು, ಚೂಪು ಕಣ್ಣು. "ನೀವು ಯಾರ ಕಡೆಯಿಂದ ಮಾತಾಡ್ತಿದೀರಮ್ಮ?" ಅಂದರು.

"ಹಸುವಿನ ಹಿಂದಿನಿಂದ ಮೇಡಂ" ಅಂದೆ. "ಬಾಲ ಹಿಡ್ಕೊಳೋಳು."

ಇಡೀ ಹಾಲು ನಕ್ಕಿತು. ಅಷ್ಟೇ ಪುಟ್ಟೀ, ಅಲ್ಲಿಂದ ಹೆದರಿಕೆ ಎಲ್ಲಿ ಹೋಯಿತೋ! ಬಿಲ್ಲೆ ಹೇಳಿದೆ, ಪುಸ್ತಕ ಹೇಳಿದೆ, ಇಪ್ಪತ್ತೆಂಟು ಹೇಳಿದೆ. ಒಂಬತ್ತನೇ ದಿನದವಳನ್ನು ಹೇಳುವಾಗ ಯಾರೂ ನಗಲಿಲ್ಲ. ಮ್ಯಾನೇಜರ್ ಕಿವಿಯಲ್ಲಿ ಏನೋ ಹೇಳಿದ ಮೇಲೆ ಸಂಘದವರಲ್ಲೊಬ್ಬರು ಎದ್ದು, "ಅಧ್ಯಕ್ಷರೇ, ಇವರು ಏಳನೇ ತರಗತಿಯವರು, ಇದು ವೈಜ್ಞಾನಿಕ ವಿಚಾರ" ಅಂದರು. ನನ್ನ ಮುಖ ಬಿಸಿಯಾಯಿತು. ಆದರೆ ನಾಲಿಗೆ ನಿಲ್ಲಲಿಲ್ಲ. "ಹೌದು ಸ್ವಾಮಿ, ಏಳನೇ ಕ್ಲಾಸು. ಇಪ್ಪತ್ತೆಂಟರವರೆಗೆ ಎಣಿಸೋದು ಒಂದನೇ ಕ್ಲಾಸಲ್ಲೇ ಹೇಳ್ಕೊಡ್ತಾರೆ" ಅಂದೆ. ನಾನು ಅಂದೆ ಪುಟ್ಟೀ, ನಾನು! ಈಗ ನೆನೆದರೆ ಬೆವರುತ್ತೇನೆ.

ಅಧ್ಯಕ್ಷೆ ಒಂದು ಫೈಲು ತೆರೆದರು. ಅದರೊಳಗೆ ನನ್ನ ಸೊಟ್ಟ ಅಕ್ಷರದ ಹನ್ನೊಂದು ಹಾಳೆ, ಮೇಲೆ ನಿನ್ನ ದುಂಡು ಅಕ್ಷರದ ಹಾಳೆ. ದೂರದಿಂದಲೇ ಗೊತ್ತಾಯಿತು. ನಿನ್ನದನ್ನು ಜೋರಾಗಿ ಓದಿಸಿದರು. ಸಂಘದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅಧ್ಯಕ್ಷೆ ಡಾಕ್ಟರನ್ನು ಎಬ್ಬಿಸಿ, "ಬಿಲ್ಲೆ ಬದಲಾದಾಗ ಇಂಜೆಕ್ಷನ್ ದಾಖಲೆ ಹೊಸ ನಂಬರಿಗೆ ಹೋಗುತ್ತಾ?" ಅಂತ ಕೇಳಿದರು. ಡಾಕ್ಟರ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಮ್ಯಾನೇಜರ್ ಅವರ ಅಂಗಿ ಜಗ್ಗಿದರು. "ಇಲ್ಲ ಮೇಡಂ. ನಾನು ಗಮನಿಸಿರಲಿಲ್ಲ. ಅವರು ಹೇಳ್ತಿರೋದು ನಿಜ" ಅಂದುಬಿಟ್ಟರು. ನಾನು ಮೈಕಿನಲ್ಲೇ "ಅಯ್ಯೋ, ಒಳ್ಳೇದಾಗ್ಲಿ ನಿಮಗೆ" ಅಂದುಬಿಟ್ಟೆ.

ಆದದ್ದು ಇಷ್ಟು, ಅಧ್ಯಕ್ಷೆ ಅಲ್ಲೇ ಹೇಳಿದರು. ಆ ಸಾಲನ್ನು ಕರಡಿನಿಂದ ತೆಗೆದಿದ್ದಾರೆ. ಕೊನೆಯ ದಿನ ಒಂದು ತಿಂಗಳು ಮುಂದೆ ಹೋಯಿತು. ಎಲ್ಲ ಕ್ಲೋನ್ ಫಾರಂಗಳ ನೀಲಿ ಪುಸ್ತಕ, ಹಳದಿ ಪುಸ್ತಕ ಎರಡನ್ನೂ ತರಿಸುತ್ತಾರಂತೆ. ನೋಡಿ ಮುಗಿಸುವ ತನಕ ಹೊತ್ತ ಹಸು ಒಂದೂ ಲಾರಿ ಹತ್ತುವ ಹಾಗಿಲ್ಲ. ನನ್ನ ವಿಷಯ ಕೇಳುತ್ತೀಯ, ಗೊತ್ತು. ಇವತ್ತು ಗೇಟಿನಲ್ಲಿ ಕಾವಲಿನವನು ಪಾಸ್ ಇಸಿದುಕೊಂಡ, "ಮೇಲಿಂದ ಹೇಳಿದಾರಮ್ಮ" ಅಂತ ನೆಲ ನೋಡುತ್ತಾ. ನಾನು ಇನ್ನೂ ಅತ್ತಿಲ್ಲ, ಅದು ನಾಳೆಗೋ ನಾಡಿದ್ದಿಗೋ ಬರುತ್ತದೆ. ಐದನೆಯವಳಿಗೆ ಬಾಟಲಿ ಹಿಡಿಯುವುದನ್ನು ಬಕೆಟ್ ರಾಣಿಗೆ ಒಪ್ಪಿಸಿದ್ದೇನೆ. ತಲೆ ಎತ್ತಿ ಹಿಡಿ, ಇಲ್ಲದಿದ್ದರೆ ಮೂಗಿಗೆ ಏರುತ್ತದೆ ಅಂತ ಗೇಟಿನಾಚೆಯಿಂದಲೇ ಕೂಗಿ ಹೇಳಿದೆ.

ನಮ್ಮಿಬ್ಬರಿಗೂ ಕೆಲಸವಿಲ್ಲ. ಬಂದುಬಿಡು. ಇಲ್ಲಿ ಊಟ ಮೇಜಿನ ಮೇಲೆ ಅಲ್ಲ, ತಟ್ಟೆಯಲ್ಲಿ ಹಾಕುತ್ತೇನೆ. ಮೊದಲು ಬೈಯುತ್ತೇನೆ, ಅದು ಬಾಕಿ ಇದೆ.

ಸಭೆ ಮುಗಿದ ಮೇಲೆ ಅಧ್ಯಕ್ಷೆ ನನ್ನ ಹತ್ತಿರ ಬಂದು, ತೆಗೆದ ಸಾಲಿನ ಜಾಗದಲ್ಲಿ ಏನಿರಬೇಕು ಅಂತ ನೀವೇ ಬರೆದು ಕಳಿಸಿ ಅಂದರು. ನಾನಾ? ಎಂಟು ಹಾಳೆ ಹರಿದು ಹಾಕಿ ಇದನ್ನು ಬರೆದಿದ್ದೇನೆ:

"ಹೊತ್ತ ಹಸುವಿಗೆ ಕೊಟ್ಟ ಔಷಧಿ ಮೈಯಿಂದ ಹೋಗುವ ತನಕ ಅವಳ ಬಿಲ್ಲೆ ತೆಗೆಯಬಾರದು, ನಂಬರ್ ಬದಲಿಸಬಾರದು, ಅವಳನ್ನು ಮಾಂಸಕ್ಕೆ ಕಳಿಸಬಾರದು."

ಇದರಲ್ಲಿ ತಪ್ಪಿದ್ದರೆ ತಿದ್ದು. ಆದರೆ ಚಂದ ಮಾಡಬೇಡ ಪುಟ್ಟೀ. ಹೋದ ಸಲ ನೀನು ಚಂದ ಮಾಡಿ ಬರೆದೆ, ಅಷ್ಟು ದೊಡ್ಡ ಹಸು ಯಾರ ಕಣ್ಣಿಗೂ ಕಾಣಲಿಲ್ಲ.

ನಿನ್ನ ಚಿಕ್ಕಮ್ಮ